ಬಟ್ಟೆ ಹೊದಿಸಿದ ಪೆಲ್ಮೆಟ್: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಪೆಲ್ಮೆಟ್ ಎಂದರೆ ಕಿಟಕಿಯ ಮೇಲ್ಭಾಗದಲ್ಲಿ ಪರದೆಯ ಕಂಬಿಯನ್ನು ಮರೆಮಾಡುವ ಹಲಗೆಯ ಪೆಟ್ಟಿಗೆ. ಹೊಲಿಗೆಯಿಲ್ಲದೆ ಬಟ್ಟೆ ಹೊದಿಸಿದ ಪೆಲ್ಮೆಟ್‌ನಲ್ಲಿ ಏನೇ ಕೆಟ್ಟರೂ ದೂರು ಬರುವುದು ಬಟ್ಟೆಯ ಮೇಲೆ. ಸುಕ್ಕಾಗಿದೆ, ಜೋತುಬಿದ್ದಿದೆ, ಅಂಚು ಓರೆಯಾಗಿದೆ, ಕಲೆ ಎದ್ದಿದೆ ಎನ್ನುತ್ತಾರೆ. ನೋಡಿದ ತಕ್ಷಣ ಪಿನ್ ಕಿತ್ತು ಬಟ್ಟೆಯನ್ನು ಮತ್ತೆ ಎಳೆದು ಹೊಡೆಯುತ್ತಾರೆ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಅದೇ ಸುಕ್ಕು ಹಾಜರಾಗುತ್ತದೆ. ಕಾರಣವಿಷ್ಟೆ: ಬಹಳ ಸಲ ಮೂಲ ಬಟ್ಟೆಯಲ್ಲಿರುವುದಿಲ್ಲ, ಅದರ ಹಿಂದಿರುವ ಫೋಮ್, ಹಲಗೆ ಅಥವಾ ಗೋಡೆಯಲ್ಲಿರುತ್ತದೆ.

ಹೊಲಿದ ಬಟ್ಟೆಯನ್ನು ದಾರ ಹಿಡಿದಿಟ್ಟಿರುತ್ತದೆ. ಇಲ್ಲಿ ದಾರವಿಲ್ಲ. ಹಲಗೆಯ ಹಿಂಭಾಗದಲ್ಲಿ ಹೊಡೆದ ಪಿನ್‌ಗಳ ನಡುವಿನ ಎಳೆತವೊಂದೇ ಬಟ್ಟೆಯನ್ನು ಸಮತಟ್ಟಾಗಿ ನಿಲ್ಲಿಸಿರುತ್ತದೆ. ಹಲಗೆ ಒಂದಿಷ್ಟು ಬಾಗಿದರೂ ಫೋಮ್ ಒಂದಿಷ್ಟು ಕುಗ್ಗಿದರೂ ಆ ಎಳೆತ ಏರುಪೇರಾಗಿ ಮೊದಲ ಗುರುತು ಬಟ್ಟೆಯ ಮೇಲೆ ಮೂಡುತ್ತದೆ. ಆದ್ದರಿಂದ ಪರೀಕ್ಷೆಯನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು: ಗೋಡೆ, ಕ್ಲಾಂಪು, ಹಲಗೆ, ಫೋಮ್, ಪಿನ್, ಕೊನೆಗೆ ಬಟ್ಟೆ. ಈ ಕ್ರಮ ತಪ್ಪಿದರೆ ಶ್ರಮವೂ ಬಟ್ಟೆಯೂ ಹಾಳು.

ಇಲ್ಲಿ ಹೇಳುವುದೆಲ್ಲ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ರಚನೆಗೆ ಅನ್ವಯಿಸುತ್ತದೆ. 9 ಅಥವಾ 12 ಮಿ.ಮೀ. ಪ್ಲೈವುಡ್ಡಿನ ಮುಂಹಲಗೆ, ಅದಕ್ಕೆ ಸೇರಿದ ಮೇಲ್ಹಲಗೆ, ಎರಡು ಪಕ್ಕದ ತುಂಡುಗಳು. ಮುಂಭಾಗಕ್ಕೆ 6 ಅಥವಾ 12 ಮಿ.ಮೀ. ದಪ್ಪದ ಫೋಮ್, ಅದರ ಮೇಲೆ ಬಿಳಿ ಅಸ್ತರು, ಅಸ್ತರಿನ ಮೇಲೆ ಬಟ್ಟೆ, ಹಿಂದೆ ಸ್ಟೇಪಲ್ ಗನ್ನಿನ ಪಿನ್, ಗೋಡೆಗೆ ಎಲ್ ಕ್ಲಾಂಪು. ಬಾಡಿಗೆ ಮನೆಯವರು ಪ್ಲೈವುಡ್ ಬದಲು ಥರ್ಮೋಕೋಲ್ ಬಳಸುವುದುಂಟು. ಅದರ ತೊಂದರೆ ಬೇರೆಯೇ, ಮುಂದೆ ಹೇಳುತ್ತೇನೆ.

ಬಿಚ್ಚುವ ಮೊದಲು

ಪೆಲ್ಮೆಟ್ ಗೋಡೆಯ ಮೇಲಿರುವಾಗಲೇ ಮೂರು ಪರೀಕ್ಷೆ ಮಾಡಿ. ಕೆಳಗಿಳಿಸಿದ ಮೇಲೆ ಇವು ಸರಿಯಾಗಿ ತಿಳಿಯುವುದಿಲ್ಲ.

ಮೊದಲನೆಯದು, ರಾತ್ರಿ ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಮುಂಹಲಗೆಯ ಒಂದು ತುದಿಯಲ್ಲಿ ಬಟ್ಟೆಗೆ ತಾಗುವಷ್ಟು ಹತ್ತಿರ, ಬಟ್ಟೆಗೆ ಸಮಾನಾಂತರವಾಗಿ ಹಿಡಿಯಿರಿ. ಹಗಲಲ್ಲಿ ಮೊಗಮ್ಮಾಗಿ ಕಂಡ ಸುಕ್ಕುಗಳ ನೆರಳು ಈಗ ಗೆರೆ ಎಳೆದಷ್ಟು ಸ್ಪಷ್ಟವಾಗುತ್ತದೆ. ಯಾವ ಸುಕ್ಕು ಎಲ್ಲಿ ಹುಟ್ಟಿ ಎಲ್ಲಿಗೆ ಓಡುತ್ತದೆ ಎಂದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ದುರಸ್ತಿಯ ಅರ್ಧ ಉತ್ತರ ಆ ಫೋಟೊದಲ್ಲಿರುತ್ತದೆ.

ಎರಡನೆಯದು, ಕೆಳ ಅಂಚಿನ ನಡುವೆ ಎರಡು ಬೆರಳಿಟ್ಟು ಮೆಲ್ಲನೆ ಮೇಲಕ್ಕೆತ್ತಿ, ಬಿಡಿ. ಇಡೀ ಪೆಟ್ಟಿಗೆ ಅಲುಗಿದರೆ ಕ್ಲಾಂಪಿನದೋ ಗೋಡೆಯದೋ ದೋಷ. ಮುಂಹಲಗೆ ಮಾತ್ರ ಅಲುಗಿ ಮೇಲ್ಹಲಗೆ ಸುಮ್ಮನಿದ್ದರೆ ಎರಡು ಹಲಗೆ ಕೂಡುವ ಜಾಗದ ಸ್ಕ್ರೂ ಸಡಿಲವಾಗಿದೆ.

ಮೂರನೆಯದು, ಕೆಳ ಅಂಚಿನ ಉದ್ದಕ್ಕೆ ತುದಿಯಿಂದ ತುದಿಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರಕ್ಕೂ ಹಲಗೆಗೂ ನಡುವೆ ಬೆಳಕು ಕಂಡರೆ, ಅಥವಾ ನಡುವೆ ಹಲಗೆ ದಾರವನ್ನು ದೂಡಿದರೆ, ಹಲಗೆ ಬಾಗಿದೆ. ಬಟ್ಟೆಯನ್ನು ಎಷ್ಟು ಎಳೆದರೂ ಈ ದೋಷ ಹೋಗುವುದಿಲ್ಲ.

ಸುಕ್ಕಿನ ದಿಕ್ಕು ಓದುವುದು

ಗೋಡೆ, ಹಲಗೆ ಎರಡೂ ಸರಿಯಿವೆ ಎಂದು ಖಚಿತವಾದರೆ (ಇಲ್ಲದಿದ್ದರೆ ಅವುಗಳ ಭಾಗ ಮುಂದಿದೆ) ಆಗ ಬಟ್ಟೆಗೆ ಬನ್ನಿ. ಎಲ್ಲ ಸುಕ್ಕೂ ಒಂದೇ ಅಲ್ಲ. ಒಂದು ನಿಯಮ ನೆನಪಿದ್ದರೆ ಸಾಕು: ಸುಕ್ಕು ಯಾವ ದಿಕ್ಕಿಗೆ ಓಡುತ್ತದೆಯೋ ಆ ದಿಕ್ಕಿನಲ್ಲಿ ಬಟ್ಟೆಯನ್ನು ಅತಿಯಾಗಿ ಎಳೆಯಲಾಗಿದೆ, ಅದಕ್ಕೆ ಅಡ್ಡಲಾಗಿ ಎಳೆತ ಸಾಲದಾಗಿದೆ.

ಎಡದಿಂದ ಬಲಕ್ಕೆ ಉದ್ದುದ್ದ ಗೆರೆಗಳಿದ್ದರೆ ಎರಡು ತುದಿಗಳನ್ನು ಜಗ್ಗಿ, ಮೇಲೆ ಕೆಳಗೆ ಸಡಿಲ ಬಿಟ್ಟಿದ್ದಾರೆ ಎಂದರ್ಥ. ಪಕ್ಕದ ಪಿನ್‌ಗಳನ್ನು ಮೊದಲು ತೆಗೆದು ಬಟ್ಟೆಗೆ ಉಸಿರಾಡಲು ಬಿಡಿ, ಆಮೇಲೆ ಕೆಳ ಅಂಚನ್ನು ಬಿಗಿಗೊಳಿಸಿ. ಮೇಲಿಂದ ಕೆಳಕ್ಕೆ ನೇರ ಗೆರೆಗಳಿದ್ದರೆ ಇದರ ತಿರುವುಮುರುವು. ಮೂಲೆಯಿಂದ ಹೊರಟು ಓರೆಯಾಗಿ ಒಳಕ್ಕೆ ಓಡುವ ಗೆರೆ ಕಂಡರೆ ಆ ಮೂಲೆಯನ್ನು ಉಳಿದೆಲ್ಲಕ್ಕಿಂತ ಮೊದಲು ಹೊಡೆದಿದ್ದಾರೆ. ಮೂಲೆಗಳು ಯಾವತ್ತೂ ಕೊನೆಗೆ.

ಅತಿ ಸಾಮಾನ್ಯವಾದದ್ದು ನಾಲ್ಕನೆಯ ಬಗೆ. ಕೆಳ ಅಂಚಿನಿಂದ ಒಂದೆರಡು ಇಂಚು ಮೇಲಕ್ಕೆ ಕಿರಣಗಳಂತೆ ಚಿಕ್ಕ ಚಿಕ್ಕ ಗೆರೆ, ಗೆರೆಗಳ ನಡುವೆ ಅಷ್ಟಷ್ಟು ತಗ್ಗು. ಹಲಗೆ ತಿರುಗಿಸಿ ನೋಡಿದರೆ ಒಂದೊಂದು ಗೆರೆಯ ಹಿಂದೆಯೂ ಒಂದೊಂದು ಪಿನ್ ಇರುತ್ತದೆ. ಬಟ್ಟೆಯನ್ನು ಹೆಬ್ಬೆರಳು, ತೋರುಬೆರಳುಗಳಲ್ಲಿ ಚಿವುಟಿ ಎಳೆದು, ಎಳೆದ ಬಿಂದುವಿಗೇ ಪಿನ್ ಹೊಡೆದರೆ ಹೀಗಾಗುತ್ತದೆ. ಪಿನ್‌ಗಳ ನಡುವೆ ಮೂರು ನಾಲ್ಕು ಇಂಚು ಅಂತರ ಬಿಟ್ಟಿದ್ದರಂತೂ ಖಂಡಿತ. ಇದಕ್ಕೆ ಎಲ್ಲ ಪಿನ್ ಕೀಳಬೇಕಾಗಿಲ್ಲ. ಅಂಗೈಯನ್ನು ಹಲಗೆಯ ಹಿಂಬದಿಗೆ ಚಪ್ಪಟೆಯಾಗಿ ಒತ್ತಿ, ಬಟ್ಟೆಯನ್ನು ಅಂಗೈಯಿಂದಲೇ ಸವರಿದ ಹಾಗೆ ಎಳೆದು, ಹಳೆಯ ಎರಡು ಪಿನ್‌ಗಳ ನಡುವೆ ಹೊಸ ಪಿನ್ ಹೊಡೆಯಿರಿ. ಅಂತರ ಒಂದು ಇಂಚಿಗೆ ಬರಲಿ. ಹೊಸ ಸಾಲು ಬಟ್ಟೆಯನ್ನು ಹಿಡಿದ ಮೇಲೆ ಹಳೆಯ ಬಿಗಿ ಪಿನ್‌ಗಳನ್ನು ಒಂದೊಂದಾಗಿ ಎಬ್ಬಿಸಿ. ಕಿರಣದಂಥ ಗೆರೆ ಕಣ್ಣೆದುರೇ ಕರಗುವುದನ್ನು ನೋಡಬಹುದು.

ಪೂರ್ತಿ ಬಿಚ್ಚಿ ಮತ್ತೆ ಹೊದಿಸಲೇಬೇಕಾದರೆ ಕ್ರಮ ಹೀಗಿರಲಿ: ಮೇಲಿನ ಅಂಚಿನ ನಡುವೆ ಒಂದು ಪಿನ್, ಅದರ ನೇರ ಕೆಳಗೆ ಒಂದು, ಎಡ ಪಕ್ಕದ ನಡುವೆ ಒಂದು, ಬಲ ಪಕ್ಕದ ನಡುವೆ ಒಂದು. ಆಮೇಲೆ ಕಾರಿನ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುವ ಹಾಗೆ, ಮೇಲೊಂದು ಕೆಳಗೊಂದು ಹೊಡೆಯುತ್ತ ನಡುವಿನಿಂದ ತುದಿಗಳತ್ತ ಸಾಗಿ. ಮೂಲೆಗೆ ಮೂರು ನಾಲ್ಕು ಇಂಚು ಬಾಕಿ ಇರುವಾಗ ನಿಲ್ಲಿಸಿ, ಮೂಲೆಯ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ಮಡಚಿ. ಮೂಲೆ ದಪ್ಪಗೆ ಉಬ್ಬುವುದು ಹೆಚ್ಚುವರಿ ಬಟ್ಟೆ ಒಳಗೇ ಉಳಿದಾಗ. ಅಲ್ಲಿ ಫೋಮನ್ನೂ ಹಲಗೆಯ ಅಂಚಿಗೆ ಸರಿಯಾಗಿ ಕತ್ತರಿಸಿರಬೇಕು, ಹಿಂದಕ್ಕೆ ಸುತ್ತಿರಬಾರದು.

ಮಳೆಗಾಲದ ಜೋಲು

ಬೇಸಿಗೆಯಲ್ಲಿ ಹೊದಿಸಿದಾಗ ಬಿಗಿಯಾಗಿದ್ದ ಬಟ್ಟೆ ಜೂನ್ ಕಳೆಯುವುದರೊಳಗೆ ಜೋತುಬಿದ್ದರೆ ಪಿನ್ನನ್ನು ದೂರಬೇಡಿ. ಕೈಮಗ್ಗದ ಹತ್ತಿ ಬಟ್ಟೆಯ ನೂಲಿಗೆ ನೇಯುವ ಮೊದಲು ಗಂಜಿ ಕೊಟ್ಟಿರುತ್ತಾರೆ. ಅಂಗಡಿಯಿಂದ ತಂದ ಹೊಸ ಬಟ್ಟೆಯ ಗರಿಗರಿಯಲ್ಲಿ ಬಹುಪಾಲು ಆ ಗಂಜಿಯದೇ. ಅದೇ ಗರಿಯನ್ನು ನೆಚ್ಚಿ ಹೊದಿಸಿದರೆ ಗಾಳಿಯ ತೇವಕ್ಕೆ ಗಂಜಿ ಮೆತ್ತಗಾಗಿ ಬಟ್ಟೆ ಸಡಿಲವಾಗುತ್ತದೆ. ಹೊದಿಸುವ ಮೊದಲು ಹತ್ತಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇನ್ನೂ ಹಸಿ ಇರುವಾಗಲೇ ಇಸ್ತ್ರಿ ಮಾಡಬೇಕು. ಗಂಜಿಯೂ ಹೋಗುತ್ತದೆ, ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ. ಈಗಾಗಲೇ ಹೊದಿಸಿ ಜೋತುಬಿದ್ದಿದ್ದರೆ ಮಳೆಗಾಲದಲ್ಲಿ ಬಿಗಿಗೊಳಿಸಬೇಡಿ. ಒಣ ದಿನಗಳು ಬರಲಿ, ಕೆಳ ಅಂಚನ್ನು ಮಾತ್ರ ಬಿಚ್ಚಿ ಮತ್ತೆ ಹೊಡೆಯಿರಿ.

ಇಳಕಲ್ ಸೀರೆಯನ್ನು ಪೆಲ್ಮೆಟ್‌ಗೆ ಬಳಸುವವರು ಈಚೆಗೆ ಬಹಳ ಜನ. ಅಜ್ಜಿಯದೋ ಅತ್ತೆಯದೋ ಉಟ್ಟು ಸವೆದ ಸೀರೆಯಲ್ಲಿ ದಡಿ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ, ಅದನ್ನು ಕಣ್ಣೆದುರು ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅದಕ್ಕೊಂದು ತನ್ನದೇ ದೋಷವಿದೆ. ಸೀರೆಯ ಮೈ ಹತ್ತಿ, ದಡಿ ರೇಷ್ಮೆ ಅಥವಾ ಕೃತಕ ರೇಷ್ಮೆ. ಮೈಯನ್ನೂ ದಡಿಯನ್ನೂ ಒಂದೇ ತುಂಡಾಗಿ ಕತ್ತರಿಸಿ ಹೊದಿಸಿದರೆ ತೇವಕ್ಕೆ ಹತ್ತಿ ಕುಗ್ಗುತ್ತದೆ, ದಡಿ ಅಷ್ಟು ಕುಗ್ಗುವುದಿಲ್ಲ. ಕೆಲವು ತಿಂಗಳಲ್ಲಿ ದಡಿಯ ಉದ್ದಕ್ಕೂ ಅಲೆ ಏಳುತ್ತದೆ. ಮೈ ಮಾತ್ರ ನುಣ್ಣಗೆ, ದಡಿ ಮಾತ್ರ ಅಲೆಯಲೆ ಎಂದಾದರೆ ಇದೇ ಕಾರಣ ಎಂದು ತಿಳಿಯಿರಿ.

ಪರಿಹಾರವೆಂದರೆ ಎರಡನ್ನೂ ಬೇರ್ಪಡಿಸುವುದು. ಮೈಯ ಬಟ್ಟೆಯನ್ನು ಮೊದಲು ಹೊದಿಸಿ, ದಡಿಯನ್ನು ಬೇರೆ ಪಟ್ಟಿಯಾಗಿ ಕತ್ತರಿಸಿ, ಎರಡೂ ಕಡೆ ಅರ್ಧ ಇಂಚು ಒಳಕ್ಕೆ ಮಡಚಿ ಇಸ್ತ್ರಿ ಮಾಡಿ, ಕೆಳ ಅಂಚಿನ ಮೇಲೆ ಕೂರಿಸಬೇಕು. ಮಧ್ಯದಲ್ಲಿ ತೆಳುವಾದ ಎರಡು ಬದಿ ಅಂಟಿನ ಟೇಪು, ತುದಿಗಳಲ್ಲಿ ಹಿಂದಕ್ಕೆ ತಿರುಗಿಸಿ ಪಿನ್. ಚಿಕ್ಕಿ ಪರಾಸು, ಗೋಮಿ, ಗಾಡಿ, ಯಾವ ದಡಿಯಾದರೂ ಹೀಗೆ ಬಿಡಿಯಾಗಿ ಕೂತರೆ ನೇರವಾಗಿ ನಿಲ್ಲುತ್ತದೆ. ರೇಷ್ಮೆ ದಡಿಯನ್ನು ನೆನೆಸುವ ಸಾಹಸ ಬೇಡ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಮೂಲೆಯೊಂದನ್ನು ಉಜ್ಜಿ ನೋಡಿ, ಬಣ್ಣ ಅಂಟಿದರೆ ಹಬೆಯ ಇಸ್ತ್ರಿಯನ್ನೂ ದೂರವಿಡಿ.

ಹಳೆಯ ಸೀರೆಗೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹಾಸಿನ (ಉದ್ದ ನೂಲಿನ) ದಿಕ್ಕಿಗೊಮ್ಮೆ, ಹೊಕ್ಕಿನ (ಅಡ್ಡ ನೂಲಿನ) ದಿಕ್ಕಿಗೊಮ್ಮೆ ಜಗ್ಗಿ. ಚಿಟಿಚಿಟಿ ಸದ್ದು ಬಂದರೆ ನೂಲು ಸತ್ತಿದೆ. ಅಂಥ ಬಟ್ಟೆ ಪಿನ್ನಿನ ಬುಡದಲ್ಲೇ ಸೀಳುತ್ತದೆ. ಅದನ್ನು ಗಟ್ಟಿ ಅಸ್ತರಿನ ಮೇಲೆ ಬಟ್ಟೆಯ ಅಂಟಿನಿಂದ ಮೊದಲು ಕೂಡಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಹೊದಿಸಿ. ಆಗ ಎಳೆತವನ್ನು ಅಸ್ತರು ಹೊರುತ್ತದೆ.

ವಿನ್ಯಾಸದ ಸಾಲು ಬಾಗಿದರೆ

ಗುಳೇದಗುಡ್ಡದ ಖಣದಂಥ, ಚಿಕ್ಕ ಚಿಕ್ಕ ಹೂವು ಸಾಲಾಗಿ ನೇಯ್ದ ಬಟ್ಟೆ ಸಣ್ಣ ತಪ್ಪನ್ನೂ ಮುಚ್ಚಿಡುವುದಿಲ್ಲ. ಸಾಲು ಓರೆಯಾಗಿ ಕಂಡರೆ ಹಲಗೆಯ ಕೆಳ ಅಂಚಿನಿಂದ ಒಂದೇ ಸಾಲಿನವರೆಗೆ ಎಡ ತುದಿ, ನಡು, ಬಲ ತುದಿ ಈ ಮೂರು ಕಡೆ ಟೇಪಿನಿಂದ ಅಳೆಯಿರಿ. ಎರಡು ತುದಿ ಸಮವಾಗಿದ್ದು ನಡುವೆ ಮಾತ್ರ ಹೆಚ್ಚುಕಡಿಮೆಯಾದರೆ ಎಳೆತದ ತಪ್ಪು. ನಡುವಿನ ಪಿನ್‌ಗಳನ್ನು ಸಡಿಲಿಸಿದರೆ ಸಾಲು ತಾನಾಗಿ ನೇರವಾಗುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಸಮನೆ ಏರುತ್ತ ಹೋದರೆ ಬಟ್ಟೆಯನ್ನು ಕತ್ತರಿಸಿದ್ದೇ ಓರೆಯಾಗಿ. ಕತ್ತರಿಸಿದ ತುದಿಯಲ್ಲಿ ಒಂದು ಹೊಕ್ಕಿನ ನೂಲನ್ನು ಹಿಡಿದು ಪೂರ್ತಿ ಹೊರಗೆಳೆಯಿರಿ, ಬಟ್ಟೆಯಲ್ಲಿ ಉಳಿಯುವ ಸಣ್ಣ ಸಂದೇ ನಿಜವಾದ ನೇರ ಗೆರೆ. ಅದರ ಮೇಲೆಯೇ ಕತ್ತರಿ ಓಡಬೇಕು.

ಖಣ ರವಿಕೆಯ ಅಳತೆಗೆ ಮಾರುವ ಬಟ್ಟೆ. ಪನ್ನ ಕಿರಿದು, ತುಂಡು ಚಿಕ್ಕದು. ಆರಡಿ ಹಲಗೆಗೆ ಒಂದೇ ತುಂಡು ಸಿಗದು, ಜೋಡಿಸಲೇಬೇಕು. ಜೋಡಣೆ ನಡುವೆ ಬಂದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಪೂರ್ತಿ ತುಂಡನ್ನು ನಡುವೆ ಇಟ್ಟು, ಉಳಿದದ್ದನ್ನು ಎರಡು ಪಕ್ಕಕ್ಕೆ ಸಮನಾಗಿ ಹಂಚಿ. ಜೋಡಿಸಿದ ಕಡೆ ಬಾಯಿ ಬಿಟ್ಟಿದ್ದರೆ ಕುಶನ್ ಕೆಲಸದವರ ಒಂದು ಉಪಾಯ ಇದೆ. ಮದುವೆಯ ಕರೆಯೋಲೆಯಂಥ ದಪ್ಪ ಕಾಗದದಲ್ಲಿ ಅರ್ಧ ಇಂಚು ಅಗಲದ ಪಟ್ಟಿ ಕತ್ತರಿಸಿ. ಪಕ್ಕದ ತುಂಡನ್ನು ಒಳಮೈ ಮೇಲೆ ಬರುವಂತೆ ನಡುವಿನ ತುಂಡಿನ ಮೇಲೆ ಮಗುಚಿ ಹಾಕಿ, ಅಂಚು ಹೊಂದಿಸಿ, ಅಂಚಿನ ಮೇಲೆ ಕಾಗದದ ಪಟ್ಟಿ ಇಟ್ಟು, ಪಟ್ಟಿಯ ಮೇಲೆ ಮುಕ್ಕಾಲು ಇಂಚಿಗೊಂದರಂತೆ ಪಿನ್ ಹೊಡೆಯಿರಿ. ಈಗ ಪಕ್ಕದ ತುಂಡನ್ನು ಪಟ್ಟಿಯ ಮೇಲಿಂದ ಹೊರಕ್ಕೆ ಮಗುಚಿದರೆ ಪಿನ್ ಒಂದೂ ಕಾಣದು, ಜೋಡಣೆ ಹೊಲಿದದ್ದಕ್ಕಿಂತ ನೇರ. ಇದಕ್ಕೆ ಆ ಜಾಗದಲ್ಲಿ ಒಂದಿಂಚು ಅಗಲಕ್ಕೆ ಫೋಮನ್ನು ಮೊದಲೇ ಕತ್ತರಿಸಿ ತೆಗೆದಿರಬೇಕು, ಇಲ್ಲದಿದ್ದರೆ ಪಿನ್ ಹಲಗೆಯನ್ನು ಕಚ್ಚದು.

ಫೋಮ್, ಅಂಟು, ಉದುರುವ ಪುಡಿ

ಕಿಟಕಿಯ ಹಲಗೆಯ ಮೇಲೆ ಪುಡಿ ಉದುರುತ್ತಿದ್ದರೆ ಅದನ್ನು ಒಂದು ಬಿಳಿ ಕಾಗದದ ಮೇಲೆ ಹಿಡಿಯಿರಿ. ಹಳದಿಯೋ ಕಂದೋ ಆಗಿ, ಬೆರಳಿಗೆ ಸ್ವಲ್ಪ ಅಂಟಿದರೆ ಅದು ಹಳೆಯದಾಗಿ ಮುರಿಯುತ್ತಿರುವ ಫೋಮ್. ಬಟ್ಟೆ ಎಷ್ಟೇ ಚೆನ್ನಾಗಿರಲಿ, ಫೋಮ್ ಬದಲಿಸದೆ ದಾರಿಯಿಲ್ಲ. ನುಣ್ಣಗೆ, ಒಣಗಿ, ಮರದ ಬಣ್ಣದಲ್ಲಿದ್ದರೆ ಮರ ಕೊರೆಯುವ ಹುಳು, ಹಲಗೆಯ ಹಿಂಬದಿಯಲ್ಲಿ ಸೂಜಿ ಚುಚ್ಚಿದಷ್ಟು ದುಂಡು ತೂತುಗಳು ಕಾಣುತ್ತವೆ. ಪುಡಿಯಿಲ್ಲದೆ ಗೋಡೆಯಿಂದ ಹಲಗೆಗೆ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು. ಆಗ ಪೆಲ್ಮೆಟ್ಟಿನ ಚಿಂತೆ ಆಮೇಲೆ, ಮೊದಲು ಕಿಟಕಿಯ ಚೌಕಟ್ಟನ್ನು ತಟ್ಟಿ ನೋಡಿ.

ತಿಳಿ ಬಣ್ಣದ ಬಟ್ಟೆ ಹಳದಿಗಟ್ಟಿದರೆ ಎರಡು ಸಾಧ್ಯತೆ. ಇಡೀ ಮೈ ಒಂದೇ ಸಮನೆ ಹಳದಿಯಾದರೆ ಒಳಗಿನ ಫೋಮಿನ ಬಣ್ಣ ತೋರುತ್ತಿದೆ. ಪಾಲಿಯುರೆಥೇನ್ ಫೋಮ್ ಬೆಳಕಿಗೆ, ಗಾಳಿಗೆ ಹಳದಿಯಾಗುವುದು ಅದರ ಸ್ವಭಾವ. ಬಿಳಿ ಅಸ್ತರು ಹಾಕದೆ ನೇರ ಬಟ್ಟೆ ಹೊದಿಸಿದವರಿಗೆ ಇದು ತಪ್ಪಿದ್ದಲ್ಲ. ಮಚ್ಚೆ ಮಚ್ಚೆಯಾಗಿ ಕಂದು ಎದ್ದಿದ್ದರೆ ಫೋಮ್ ಕೂರಿಸಲು ಧಾರಾಳವಾಗಿ ಸುರಿದ ರಬ್ಬರ್ ಅಂಟು ಬಟ್ಟೆಗೆ ಹಾಯ್ದಿದೆ. ಹಾಯ್ದ ಮೇಲೆ ಅದನ್ನು ತೆಗೆಯಲಾಗದು. ಫೋಮಿಗೆ ಅಂಟು ಬೇಕಾದದ್ದು ಅಂಚುಗಳಲ್ಲಿ ತೆಳ್ಳಗೆ, ನಡುವೆ ಒಂದೆರಡು ಗೆರೆ ಅಷ್ಟೆ. ಪೂರ್ತಿ ಒಣಗಿದ ಮೇಲೆ ಬಟ್ಟೆ.

ಥರ್ಮೋಕೋಲ್ ಹಲಗೆಯ ಮೈಯಲ್ಲಿ ಗುಳಿ ಬಿದ್ದು ಬಟ್ಟೆ ಒಳಕ್ಕೆ ಕುಸಿದಿದ್ದರೆ ಕಾರಣ ಒಂದೇ: ದ್ರಾವಕವಿರುವ ರಬ್ಬರ್ ಅಂಟು ಥರ್ಮೋಕೋಲನ್ನು ಕರಗಿಸಿದೆ. ಅದಕ್ಕೆ ಮರಗೆಲಸದ ಬಿಳಿ ಅಂಟು ಮಾತ್ರ. ಪಿನ್ ಸಹ ಥರ್ಮೋಕೋಲಿನಲ್ಲಿ ನಿಲ್ಲದು. ಹಿಂಬದಿಗೆ ತೆಳು ಮರದ ಪಟ್ಟಿ ಅಂಟಿಸಿ ಅದಕ್ಕೆ ಹೊಡೆಯಬೇಕು. ಬಿಸಿ ಅಂಟಿನ ಗನ್ನಿನಿಂದ ಬಟ್ಟೆ ಹಿಡಿಸಿ, ಪಡುವಣದ ಕಿಟಕಿಗೆ ಕೂರಿಸಿದ್ದರೆ ಮಧ್ಯಾಹ್ನದ ಬಿಸಿಲಿಗೆ ಅಂಟು ಮೆತ್ತಗಾಗಿ, ಎಳೆತಕ್ಕೆ ಬಟ್ಟೆ ದಿನೇ ದಿನೇ ಜಾರುತ್ತದೆ. ಎಳೆತ ಹೊರಬೇಕಾದ ಕಡೆ ಬಿಸಿ ಅಂಟನ್ನು ನಂಬಬೇಡಿ, ಅಲಂಕಾರದ ಲೇಸಿಗೆ ಅದು ಸಾಕು.

ಪಿನ್

ಹಿಂಬದಿಯ ಸಾಲಿನ ಮೇಲೆ ಹೆಬ್ಬೆರಳ ಉಗುರು ಎಳೆಯಿರಿ. ಉಗುರಿಗೆ ತಡೆದ ಪಿನ್ ಪೂರ್ತಿ ಇಳಿದಿಲ್ಲ. ಗನ್ನನ್ನು ಹಲಗೆಗೆ ಒತ್ತಿ ಹಿಡಿಯದೆ ಹೊಡೆದದ್ದೋ, ಬಟ್ಟೆ, ಅಸ್ತರು, ಮಡಿಕೆ ಎಲ್ಲ ಸೇರಿ ದಪ್ಪವಾದದ್ದೋ ಕಾರಣ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕೂರುತ್ತದೆ, ಮಡಚಿಕೊಂಡರೆ ಕಿತ್ತು ಬೇರೆ ಹೊಡೆಯಿರಿ. 12 ಮಿ.ಮೀ. ಹಲಗೆಗೆ 8 ಮಿ.ಮೀ. ಪಿನ್ ಹಿತ. 6 ಮಿ.ಮೀ. ಹಲಗೆಗೆ 10 ಮಿ.ಮೀ. ಪಿನ್ ಹೊಡೆದರೆ ಮೊನೆ ಮುಂದಕ್ಕೆ ಬಂದು ಫೋಮಿನೊಳಗಿಂದ ಬಟ್ಟೆಯನ್ನು ಚುಚ್ಚುತ್ತದೆ. ಮುಂಭಾಗವನ್ನು ಸವರಿದಾಗ ಕೈಗೆ ಚುರುಕ್ಕೆನ್ನುವುದು ಇದೇ.

ಕರಾವಳಿಯ ಮನೆಗಳಲ್ಲಿ ಕೆಳ ಅಂಚಿನ ಉದ್ದಕ್ಕೂ ಸಾಲಾಗಿ ಕಂದು ಚುಕ್ಕೆ ಕಂಡರೆ ಪಿನ್ ತುಕ್ಕು ಹಿಡಿದಿದೆ. ಸ್ಟೇನ್‌ಲೆಸ್ ಪಿನ್ ಬಳಸಿ. ಸಾಲನ್ನು ಅಂಚಿಗೆ ತಾಗಿಸದೆ ಒಂದು ಇಂಚು ಮೇಲಕ್ಕೆ ಹೊಡೆಯಿರಿ.

ಹಲಗೆ ಬಾಗುವುದು

ದಾರದ ಪರೀಕ್ಷೆಯಲ್ಲಿ ನಡು ಕೆಳಕ್ಕೆ ಇಳಿದಿದ್ದರೆ ಆಧಾರ ಸಾಲದು. ಆರಡಿ ಉದ್ದಕ್ಕೆ ಎರಡೇ ತುದಿಯಲ್ಲಿ ಕ್ಲಾಂಪು ಹಾಕಿದ್ದರೆ ನಡುವೆ ಒಂದು ಸೇರಿಸಿ, ಎರಡರಿಂದ ಎರಡೂವರೆ ಅಡಿಗೊಂದು ಬೇಕು. ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಹಲಗೆ ತೆಳುವಾಗಿ ಬಟ್ಟೆಯ ಎಳೆತವನ್ನು ತಾಳಲಿಲ್ಲ ಎಂದು, ಅಥವಾ ಹಿಂಬದಿ ತೇವ ಹೀರಿತು ಎಂದು. ಬಟ್ಟೆ ಹೊದಿಸಿದ ಮುಂಭಾಗ ಮುಚ್ಚಿರುತ್ತದೆ, ಗೋಡೆಯತ್ತ ಮುಖ ಮಾಡಿದ ಹಿಂಬದಿ ಬೆತ್ತಲೆ. ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಿಗ್ಗದಿದ್ದರೆ ಹಲಗೆ ತಿರುಚುತ್ತದೆ. ಹಿಂಬದಿಗೂ ಅಂಚುಗಳಿಗೂ ಎರಡು ಕೈ ಪ್ರೈಮರ್ ಕೊಟ್ಟರೆ ಮುಂದಿನ ಹಲಗೆ ಉಳಿಯುತ್ತದೆ. ತೇವದ ಊರಿನಲ್ಲಿ ಐಎಸ್ 710 ಗುರುತಿನ (ನೀರು ತಾಳುವ ದರ್ಜೆಯ) ಪ್ಲೈವುಡ್ ಕೊಳ್ಳಿ, ಐಎಸ್ 303 ಗುರುತಿನದ್ದು ಒಣ ಕೋಣೆಗೆ ಸಾಕು. ಎಂಡಿಎಫ್ ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯ ಅಂಚು ನೀರು ಕುಡಿದು ಉಬ್ಬಿದ್ದರೆ ದುರಸ್ತಿಯಿಲ್ಲ. ಹಲಗೆ ಬದಲಿಸಿ.

ಗೋಡೆ ಬಿಟ್ಟುಕೊಡುವಾಗ

12 ಮಿ.ಮೀ. ಪ್ಲೈವುಡ್ಡಿನ, ಆರಡಿ ಉದ್ದ ಒಂದಡಿ ಎತ್ತರದ ಪೆಲ್ಮೆಟ್ ಮೇಲ್ಹಲಗೆಯೂ ಸೇರಿ ಸುಮಾರು ಏಳು ಕೆ.ಜಿ. ತೂಗುತ್ತದೆ. ತೂಕ ದೊಡ್ಡದೇನಲ್ಲ, ಆದರೆ ಅದು ಗೋಡೆಯಿಂದ ಐದಾರು ಇಂಚು ಮುಂದೆ ನೇತಾಡುತ್ತದೆ. ಹಾಗಾಗಿ ಮೇಲಿನ ಸ್ಕ್ರೂ ಗೋಡೆಯಿಂದ ಹೊರಕ್ಕೆ ಎಳೆಸಿಕೊಳ್ಳುತ್ತದೆ. ಮೇಲ್ಹಲಗೆಗೂ ಗೋಡೆಗೂ ನಡುವೆ ಸಂದು ಕಂಡಿತೆಂದರೆ ಈ ಕೆಲಸ ಶುರುವಾಗಿದೆ. ಪರದೆಯ ಕಂಬಿಯನ್ನೂ ಪೆಲ್ಮೆಟ್‌ಗೇ ಕೂರಿಸಿದ್ದರೆ, ಪರದೆ ಎಳೆದಾಗಲೆಲ್ಲ ಸ್ಕ್ರೂ ಇನ್ನಷ್ಟು ಸಡಿಲ. ಕಂಬಿಗೆ ಗೋಡೆಯಲ್ಲೇ ಪ್ರತ್ಯೇಕ ಆಧಾರ ಇರಲಿ ಎಂದು ನಾನು ಪ್ರತಿ ಸಲ ಒತ್ತಿ ಹೇಳುತ್ತೇನೆ.

ಹೊಸ ತೂತು ಕೊರೆಯುವಾಗ ಡ್ರಿಲ್ಲಿನ ಬಾಯಿಂದ ಬರುವ ಪುಡಿಯನ್ನು ನೋಡಿ, ಗೋಡೆಯ ಗುಣ ಅದರಲ್ಲೇ ಇದೆ. ಮೊದಲ ಅರ್ಧ ಇಂಚು ಬೂದು ಮರಳು ಪುಡಿ ಬರುವುದು ಗಿಲಾವಿನದು, ಎಲ್ಲ ಗೋಡೆಗೂ ಸಾಮಾನ್ಯ. ಆಮೇಲೆ ಕೆಂಪಾದರೆ ಇಟ್ಟಿಗೆ, ಕರಾವಳಿಯಲ್ಲಾದರೆ ಜಂಬಿಟ್ಟಿಗೆ. ಡ್ರಿಲ್ ದಡಕ್ಕನೆ ಒಳಕ್ಕೆ ಜಾರಿದರೆ ಟೊಳ್ಳು ಸಿಮೆಂಟ್ ಬ್ಲಾಕ್. ಬೆಣ್ಣೆಯಷ್ಟು ಸಲೀಸಾಗಿ ಕೊರೆದು ಬೆಳ್ಳನೆಯ ಪುಡಿ ಬಂದರೆ ಹಗುರವಾದ ಎಎಸಿ ಬ್ಲಾಕ್. ಕೊರೆಯಲು ಬಿಡದೆ ಬೂದು ಪುಡಿ ಕೊಸರಿ ಕೊಸರಿ ಬಂದರೆ ಲಿಂಟಲ್ಲಿನ (ಕಿಟಕಿಯ ಮೇಲಿನ ತೊಲೆಯ) ಕಾಂಕ್ರೀಟು. ಹೊಳೆಯುವ ಚೂರು ಕಂಡರೆ ಕಬ್ಬಿಣ ಸಿಕ್ಕಿದೆ, ತಕ್ಷಣ ನಿಲ್ಲಿಸಿ ಒಂದೆರಡು ಇಂಚು ಪಕ್ಕಕ್ಕೆ ಸರಿಯಿರಿ.

ಇಟ್ಟಿಗೆಗೆ, ಕಾಂಕ್ರೀಟಿಗೆ 8 ಮಿ.ಮೀ. ಪ್ಲಾಸ್ಟಿಕ್ ಪ್ಲಗ್, 50 ಮಿ.ಮೀ. ಆಳ. 25 ಮಿ.ಮೀ. ಪ್ಲಗ್ ಹಾಕಿದರೆ ಅದರ ಅರ್ಧ ಗಿಲಾವಿನಲ್ಲೇ ಕೂತಿರುತ್ತದೆ, ಗಿಲಾವು ಯಾರ ಭಾರವನ್ನೂ ಹೊರುವುದಿಲ್ಲ. ಟೊಳ್ಳು ಬ್ಲಾಕಿಗೂ ಎಎಸಿ ಬ್ಲಾಕಿಗೂ ಅವುಗಳಿಗೆಂದೇ ಮಾಡಿದ ಪ್ಲಗ್ ಕೇಳಿ ತನ್ನಿ. ತೂತು ಹಿಗ್ಗಿದ್ದರೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ತಿರುಗಿಸುವ ರೂಢಿ ಇದೆ. ಫೋಟೊ ತೂಗುಹಾಕಲು ನಡೆದೀತು, ತಲೆಯ ಮೇಲಿರುವ ಹಲಗೆಗೆ ಖಂಡಿತ ಬೇಡ. ದೊಡ್ಡ ಪ್ಲಗ್ ಹಾಕಿ, ಇಲ್ಲವೇ ಎರಡು ಇಂಚು ಬಿಟ್ಟು ಹೊಸ ತೂತು ಕೊರೆಯಿರಿ. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ಗೋಡೆಯನ್ನು ಮುಟ್ಟದೆ ಕಿಟಕಿಯ ಮರದ ಚೌಕಟ್ಟಿಗೇ ಕ್ಲಾಂಪು ಹೊಡೆಯುವುದು ಕ್ಷೇಮ.

ಅಲುಗದಿದ್ದರೂ ಪೆಲ್ಮೆಟ್ ವಾಲಿದಂತೆ ಕಾಣುತ್ತಿದ್ದರೆ ಮೇಲೆ ರಸಮಟ್ಟ ಇಟ್ಟು ನೋಡಿ. ಗುಳ್ಳೆ ನಡುವೆಯೇ ನಿಂತರೆ ಪೆಲ್ಮೆಟ್ ಸರಿಯಿದೆ, ಓರೆ ಇರುವುದು ತಾರಸಿಯದು. ಪೆಲ್ಮೆಟ್ಟಿಗೂ ತಾರಸಿಗೂ ಅರ್ಧ ಅಡಿಗಿಂತ ಕಡಿಮೆ ಅಂತರವಿದ್ದರೆ ತಾರಸಿಯ ಗೆರೆಯನ್ನೇ ಅನುಸರಿಸಿ, ಕಣ್ಣು ಅದನ್ನೇ ಹೋಲಿಸಿ ನೋಡುತ್ತದೆ. ಅಂತರ ಹೆಚ್ಚಿದ್ದರೆ ರಸಮಟ್ಟದ ಮಾತೇ ಕೊನೆ.

ಕೆಳ ಅಂಚಿನಲ್ಲಿ ಒಂದೇ ಜಾಗದಲ್ಲಿ ಬಟ್ಟೆ ಸವೆದಿದ್ದರೆ ಕಿಟಕಿ ತೆಗೆದು ನೋಡಿ. ಗಾಜಿನ ಬಾಗಿಲು ಹೊರಕ್ಕೆ ತೆರೆದರೂ ಸೊಳ್ಳೆ ಪರದೆಯ ಬಾಗಿಲು ಒಳಕ್ಕೆ ತೆರೆಯುತ್ತದೆ, ಅದರ ಮೇಲಿನ ಮೂಲೆ ಪೆಲ್ಮೆಟ್ಟಿಗೆ ಉಜ್ಜುತ್ತಿರುತ್ತದೆ. ಪೆಲ್ಮೆಟ್ಟನ್ನು ಒಂದು ಇಂಚು ಮೇಲಕ್ಕೇರಿಸುವುದೊಂದೇ ಮದ್ದು.

ನೀರಿನ ಕಲೆ

ಅಂಚು ಗಾಢವಾಗಿ ಒಳಗೆ ತಿಳಿಯಾಗಿರುವ ಹಳದಿ ಕಲೆ ನೀರಿನದು. ಮೇಲಿನಿಂದ ಇಳಿದಿದ್ದರೆ ಸಜ್ಜಾ ಗೋಡೆಗೆ ಸೇರುವ ಜಾಗದಲ್ಲಿ ಬಿರುಕು ಇದೆಯೇ ನೋಡಿ. ತೇವ ಗೋಡೆಯದೋ ಕೋಣೆಯದೋ ಎಂದು ತಿಳಿಯಲು ಪೆಲ್ಮೆಟ್ ಇಳಿಸಿ, ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಗೋಡೆ ಒಳಗಿನಿಂದ ಒದ್ದೆ, ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯ ತೇವ. ಗೋಡೆ ಒದ್ದೆಯಿದ್ದರೆ ಅದನ್ನು ಸರಿಪಡಿಸಿ ಒಣಗುವವರೆಗೆ ಹೊಸ ಬಟ್ಟೆ ಹೊದಿಸಬೇಡಿ. ಬೂಷ್ಟಿನ ವಾಸನೆ ಹಿಡಿದ ಫೋಮನ್ನು ಬಿಸಿಲಿಗಿಟ್ಟು ಉಳಿಸಿಕೊಳ್ಳುವ ಆಸೆ ಬೇಡ, ಎಸೆಯಿರಿ.

ಬಿಚ್ಚಲೇಬೇಕಾದರೆ

ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಪಿನ್ನಿನ ಬೆನ್ನಡಿ ತೂರಿಸಿ ಸ್ವಲ್ಪ ಎಬ್ಬಿಸಿ, ಉಳಿದದ್ದನ್ನು ಇಕ್ಕಳದಿಂದ ನೇರ ಮೇಲಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಚಿದರೆ ಒಂದು ಕಾಲು ಹಲಗೆಯಲ್ಲೇ ಮುರಿದು ಉಳಿದು, ಮುಂದೆ ಹೊಸ ಬಟ್ಟೆಯನ್ನು ಹರಿಯುತ್ತದೆ. ಹಳೆಯ ಬಟ್ಟೆಯನ್ನು ಬಿಸಾಡಬೇಡಿ. ಹಿಂಬದಿಯಲ್ಲಿ ಮೇಲೆ, ಕೆಳಗೆ, ಎಡ, ಬಲ ಎಂದು ಬರೆದು, ಇಸ್ತ್ರಿ ಮಾಡಿ ಹಾಸಿದರೆ ಹೊಸ ಬಟ್ಟೆ ಕತ್ತರಿಸಲು ಅದೇ ಅಳತೆ. ಪಿನ್ ತೂತುಗಳ ಸಾಲಿನಿಂದ ಎಲ್ಲ ಕಡೆ ಕನಿಷ್ಠ ಎರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ಹಳೆಯ ತೂತುಗಳಲ್ಲೇ ಹೊಸ ಪಿನ್ ಕೂರಿಸಬೇಡಿ, ಅರ್ಧ ಇಂಚು ಒಳಕ್ಕೆ ಹೊಸ ಸಾಲು ಹಿಡಿಯಿರಿ.